ಮಾಲೀಕರ ಮನೆಯವರು

ತನ್ನ ಅಂಗಡಿ ಸುರಕ್ಷಿತವಾಗಿಲ್ಲ ಎಂಬ ಸುದ್ದಿ ಸುನಂದಾಳಿಗೆ ಮೊದಲು ತಿಳಿದದ್ದು ಅತ್ತೆಯ ಬಾಯಿಂದ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬಸವಂತಮ್ಮನಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ ಹತ್ತಿತ್ತು. ಬಸ್ಸಿನ ಬೆನ್ನು, ಮಾತ್ರೆಯ ಚೀಟಿ, ಗೋಡೆಗೆ ಅಂಟಿಸಿದ ಶ್ರದ್ಧಾಂಜಲಿ, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಗೇ ಒಂದು ಬೆಳಿಗ್ಗೆ ಸೊಸೆಯ ಫೋನು ಕೈಗೆತ್ತಿಕೊಂಡು, ಮೇಲುಗಡೆ ಅಂಗಡಿಯ ಜಾಲತಾಣದ ವಿಳಾಸದ ಪಕ್ಕದಲ್ಲಿದ್ದ ಸಣ್ಣ ಅಕ್ಷರ ಓದಿ, "ಸುರಕ್ಷಿತವಾಗಿಲ್ಲ ಅಂತ ಬರದಾರಲ್ಲ ಸುನಂದಾ, ಯಾರ ಬರದಾರ ಇದನ್ನ?" ಎಂದಳು. ಯಾರೂ ಬರೆದದ್ದಲ್ಲ, ಅದು ತಾನಾಗಿಯೇ ಬರುತ್ತದೆ ಎಂದು ಸುನಂದಾ ಎಷ್ಟು ಹೇಳಿದರೂ ಅತ್ತೆ ನಂಬಲಿಲ್ಲ. ಅಂದಿನಿಂದ ಆ ಮಾತು ಮನೆಯಲ್ಲಿ ಓಡಾಡತೊಡಗಿತು. ಪಕ್ಕದ ಮನೆಯವರು ಬಂದರೆ ಚಹಾ ಸೋಸುತ್ತ, ನಮ್ಮ ಸುನಂದಾನ ಅಂಗಡಿ ಸುರಕ್ಷಿತವಾಗಿಲ್ಲಂತ್ರಿ ಎಂದು ಅತ್ತೆ ಯಾರಿಗೋ ಜ್ವರ ಬಂದ ಸುದ್ದಿಯಂತೆ ಹೇಳುತ್ತಿದ್ದಳು. ಬಂದವರು ನೋಡುತ್ತಿದ್ದುದು ಫೋನನ್ನಲ್ಲ, ಸುನಂದಾಳನ್ನು. ಗಂಡ ಬಿಟ್ಟುಹೋದ ಒಂದೂವರೆ ವರ್ಷದಲ್ಲಿ ಯಾರೂ ಮುಖದೆದುರು ಆಡದ ಮಾತನ್ನು ಈಗ ಅಂಗಡಿಯ ನೆಪದಲ್ಲಿ ಆಡಿ ಎಲ್ಲರೂ ಹಗುರಾಗುತ್ತಿದ್ದಾರೆ ಅನ್ನಿಸಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೂ ತಟ್ಟೆಗೆ ಚುರಮುರಿ ಹಾಕಿ ತಂದುಕೊಡುತ್ತಿದ್ದಳು. ಹೇಳಿಕೇಳಿ ಸೊಸೆ.

ಈಗ ಮಾನ್ವಿಯ ಬಸ್ಸಿನಲ್ಲಿ ಕಿಟಕಿಗೆ ಕೂತಿದ್ದಾಳೆ. ಬಸ್ಸು ರಾಯಚೂರಿನ ಹೊರಗೆ ಅಕ್ಕಿ ಗಿರಣಿಗಳ ಸಾಲು ದಾಟುವಾಗ ತೌಡಿನ ವಾಸನೆ ಒಳಗೆ ನುಗ್ಗಿತು. ಅದರಲ್ಲೊಂದು ಗಿರಣಿ ಅತ್ತೆಯದೇ, ಮಾವ ಹೋದ ಮೇಲೆ ಬೇರೆಯವರಿಗೆ ನಡೆಸಲು ಕೊಟ್ಟದ್ದು. ಅಲ್ಲಿಯ ಹಮಾಲರಿಗೆಲ್ಲ ಇವಳ ಗುರುತಿದೆ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, ಕಾಲಿನ ಬಳಿ ಏನೋ ಬಿದ್ದಿದೆ ಎಂಬಂತೆ ಬಗ್ಗಿದಳು. ಬಗ್ಗಿದ ಮೇಲೆ ಹುಡುಕಲು ಏನಾದರೂ ಬೇಕಲ್ಲ, ಚಪ್ಪಲಿಯ ಪಟ್ಟಿ ಬಿಚ್ಚಿ ಮತ್ತೆ ಹಾಕಿದಳು. ಪಕ್ಕದಲ್ಲಿದ್ದ ಮುದುಕ ಕಾಲು ಮುದುರಿಕೊಂಡ. ಅತ್ತೆಗೆ, ಕುರ್ಡಿ ಊರಿನ ರೊಟ್ಟಿ ಬಡಿಯುವ ಹೆಂಗಸರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಬಂದಿದ್ದಳು. ಕುರ್ಡಿಗೂ ಇದೇ ಬಸ್ಸು, ಕ್ರಾಸಿನಲ್ಲಿ ಇಳಿದರಾಯಿತು. ತಾನು ಇಳಿಯುವುದಿಲ್ಲ, ಅಷ್ಟೇ. ಮೂವತ್ತೆಂಟು ವರ್ಷದ ಹೆಂಗಸು ಸ್ವಂತ ಗಂಡನನ್ನು ನೋಡಲು ಕದ್ದು ಹೋಗಬೇಕಾಗಿ ಬಂದದ್ದನ್ನು ನೆನೆದರೆ ನಗು ಬರಬೇಕಿತ್ತು. ಬರಲಿಲ್ಲ.

ಇದಕ್ಕೆಲ್ಲ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಹಜಾದಿ ಬೇಗಂಳನ್ನು ಬಯ್ಯಬಹುದಿತ್ತು, ಆದರೆ ಆಕೆ ಬಯ್ಯಿಸಿಕೊಳ್ಳುವ ಹೆಂಗಸಲ್ಲ. ಮೂರು ವರ್ಷದ ಹಿಂದೆ ಎಡದೊರೆ ಬುತ್ತಿ ಎಂಬ ಇವಳ ಅಂಗಡಿಯ ಜಾಲತಾಣ ಕಟ್ಟಿಕೊಟ್ಟವಳು ಅವಳೇ. ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದೊಂದರ ಕೆಳಗೆ ಒಂದೊಂದು ಹಸಿರು ಗುಂಡಿ. ಮೈಸೂರಿನವರು, ಪುಣೆಯವರು ಆ ಗುಂಡಿ ಒತ್ತಿದರೆ ಕುರ್ಡಿಯ ಏಳು ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು. "ನೋಡ್ರಿ ಸುನಂದಾ, ಈಗ ನಿಮ್ಮ ಅಂಗಡಿ ಅಂದ್ರ ಶೇರ್ ಜೀಪಿನ್ಯಾಗ ಕುಂತು ಮನಿ ಮಾತು ಆಡಿದಂಗ ಅದ," ಎಂದಿದ್ದಳು ಹೋದ ವಾರ ಶಹಜಾದಿ ಬೇಗಂ. "ಗಿರಾಕಿ ತನ್ನ ಹೆಸರು, ಪತ್ತಾ, ಕಾರ್ಡಿಂದು ಎಲ್ಲಾ ಹೇಳ್ತಾನ, ಜೀಪಿನ್ಯಾಗ ಇದ್ದೋರೆಲ್ಲಾ ಕೇಳ್ತಾರ. ಇದನ್ನ ಬಾಗಲಾ ಹಾಕಿದ ಖೋಲಿಗೆ ತರಬೇಕು. ಆ ಕೆಲಸ ನಂದು, ಒಂದು ದಿನದ್ದು. ಆದ್ರ ಮನಿ ಯಾರದು ಅಂತ ಸಾಬೀತು ಮಾಡೋದು ನಿಮ್ಮದು." ಪುಕ್ಕಟೆ ಸಿಗುವ ಬೀಗವೂ ಇದೆಯಂತೆ, ಆದರೆ ಗಿರಾಕಿಗಳಿಂದ ಹಣ ಪಡೆದು ಇವಳಿಗೆ ಮುಟ್ಟಿಸುವ ಕಂಪನಿ ಅದನ್ನು ಒಪ್ಪುತ್ತಿಲ್ಲ. ಮಾಲೀಕರು ಯಾರೆಂದು ಫೋನು ಮಾಡಿ ವಿಚಾರಿಸಿ ಕೊಡುವ ಪ್ರಮಾಣಪತ್ರವೇ ಬೇಕು, ಅದೂ ಶುಕ್ರವಾರದೊಳಗೆ. ಇಲ್ಲದಿದ್ದರೆ ಹಸಿರು ಗುಂಡಿ ಬಂದ್. ಅರ್ಜಿಯಲ್ಲಿ ಮಾಲೀಕರ ಹೆಸರು ಎಂಬ ಜಾಗ ಬಂದಾಗ ಶಹಜಾದಿ ಬೇಗಂ ಬೆರಳು ನಿಲ್ಲಿಸಿ, ಹೇಳ್ರಿ ಎಂದಳು. ಸುನಂದಾ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಟೈಪು ಮಾಡಿದಳು: ಪಂಪಾಪತಿ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಮೊದಲು ರೂಢಿ, ಆಮೇಲೆ ಸಿಟ್ಟು. ಬೆರಳುಗಳಿಗೆ ಆ ಮಡಿ ಇರಲಿಲ್ಲ.

ಬೆರಳುಗಳು ಅದಕ್ಕಿಂತ ದೊಡ್ಡ ತಪ್ಪನ್ನೇ ಮಾಡಿದ್ದವು. ಅಂಗಡಿ ತೆರೆದಾಗ ಎಲ್ಲ ಕಾಗದವೂ ಗಂಡನ ಹೆಸರಿನಲ್ಲೇ ಆದವು, ಹಾಗಲ್ಲದೆ ಹೇಗೆ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವನು ಹೋದ ಮೇಲೆ ಬದಲಿಸಬಹುದಿತ್ತು. ಬದಲಿಸಬೇಕಾದರೆ ಯಾವುದೋ ಮೇಜಿನ ಹಿಂದೆ ಕೂತ ಗುಮಾಸ್ತನಿಗೆ ಯಾಕೆ ಎಂದು ಹೇಳಬೇಕಿತ್ತು, ಅವನು ತಲೆಯೆತ್ತಿ ನೋಡುತ್ತಿದ್ದ. ಆ ನೋಟಕ್ಕೆ ಹೆದರಿ ಅವಳು ಗಂಡನ ಸಹಿ ಮಾಡುವುದನ್ನು ಕಲಿತಳು. ಹಳೆಯ ಕಾಗದದ ಮೇಲೆ ಹಾಳೆ ಇಟ್ಟು, ಕಿಟಕಿಯ ಗಾಜಿಗೆ ಹಿಡಿದು, ಕೊನೆಯ ಅಕ್ಷರದ ಸೊಟ್ಟ ಬಾಲದ ಸಮೇತ. ಈಗ ಅವನಿಗಿಂತ ಚೆನ್ನಾಗಿ ಅವಳೇ ಹಾಕುತ್ತಾಳೆ. ಪ್ರತಿ ಸಲ ಹಾಕಿದ ಮೇಲೂ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತಾಳೆ. ಯಾರಾದರೂ ಫೋನು ಮಾಡಿ ಇದು ನಿಮ್ಮದೇನು ಎಂದು ಕೇಳಿದರೆ ಅವನು ಇಲ್ಲ ಎನ್ನಬಹುದು, ಇಲ್ಲ ಎಂದರೆ ತಾನು ಕಳ್ಳಿ ಎಂಬುದು ಅವಳಿಗೆ ಗೊತ್ತಿತ್ತು.

ಕಲ್ಮಲ ಬಂತು. ಇಲ್ಲಿ ದೇವದುರ್ಗದ ದಾರಿ ಬೇರೆಯಾಗುತ್ತದೆ. ತವರು ಆ ಕಡೆ. ಅರ್ಧ ಜನ ಇಳಿದು ದೇವದುರ್ಗದ ಬಸ್ಸಿಗೆ ಓಡಿದರು, ಒಬ್ಬಾಕೆ ಸುನಂದಾಳನ್ನೂ, "ಇಳಿಯಂಗಿಲ್ಲೇನು?" ಎಂದು ಕೇಳಿದಳು, ಎಲ್ಲೋ ನೋಡಿದ ಮುಖ. ಇಳಿಯಬಹುದಿತ್ತು. ಬಂದುಬಿಡು ಎಂದು ಅಣ್ಣ ಮೂರು ಸಲ ಅಂದಿದ್ದಾನೆ. ಮೂರೂ ಸಲ ಅಂಗಳದಲ್ಲಿ ನಿಂತೇ ಅಂದಿದ್ದಾನೆ, ಒಳಗೆ ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಆ ಹೊತ್ತಿಗೆ ನಿಂತಿರುತ್ತದೆ. ಅವ್ವ ಇದ್ದ ಕೋಣೆಯಲ್ಲಿ ಈಗ ಹತ್ತಿ ತುಂಬುತ್ತಾರೆ. ಆ ಕೋಣೆಯ ನೆಲದಲ್ಲೇ ಕೂತು ಅವ್ವ ಅವಳಿಗೆ ರೊಟ್ಟಿ ಬಡಿಯಲು ಕಲಿಸಿದ್ದು. ಕೈ ಅದರ ಬೆನ್ನ ಮೇಲೆ ಆಡಬೇಕು, ಒತ್ತಬಾರದು, ಒತ್ತಿದರೆ ಬಿರಿಯುತ್ತದೆ ಎನ್ನುತ್ತಿದ್ದಳು. ಫೋನು ಬಡಿದುಕೊಂಡಿತು, ಕುರ್ಡಿಯ ಬೂದೆಮ್ಮ, ಏಳು ಮಂದಿ ರೊಟ್ಟಿಯವರಿಗೆ ಮುಂದಾಳು. "ಅಕ್ಕಾರ, ಹಿಟ್ಟು ಬೀಸಿಸಿ ಇಟ್ಟು ನಾಕ ದಿನ ಆತ್ರಿ. ಜಿಗಿ ಹೋದ್ರ ರೊಟ್ಟಿ ಏಳಂಗಿಲ್ಲ. ಬಡೀಲ್ಯೋ ಬ್ಯಾಡೋ ಒಂದು ಮಾತು ಹೇಳ್ರಿ." ನಾಳೆ ಹೇಳ್ತೀನಿ ಎಂದಳು ಸುನಂದಾ. "ನಿನ್ನೀನೂ ನಾಳಿ ಅಂದ್ರಿ," ಎಂದಳು ಬೂದೆಮ್ಮ. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ. ಬಸ್ಸು ಮಾನ್ವಿಯ ದಾರಿಗೇ ಹೊರಳಿತು.

ಪ್ರಮಾಣಪತ್ರದವರು ಇವತ್ತು ಮಾಡುವುದು ಮೂರನೇ ಕರೆ, ಕೊನೆಯದು. ಮೊದಲನೆಯದು ಸೋಮವಾರ ರಾಯಚೂರಿನ ಮನೆಗೇ ಬಂದಿತ್ತು. ಸುನಂದಾ ಬಚ್ಚಲಲ್ಲಿದ್ದಳು, ಅತ್ತೆ ಎತ್ತಿದಳು. ಪಂಪಾಪತಿ ಎಂಬುವರು ಇದ್ದಾರಾ ಎಂದು ಆ ಕಡೆಯವರು ಕೇಳಿರಬೇಕು. ಬಚ್ಚಲ ಬಾಗಿಲಿನಾಚೆ ಅತ್ತೆಯ ದನಿ ಖಣಿಲ್ಲೆಂದು ಕೇಳಿತು: "ಆ ಹೆಸರಿನ ಮನುಷ್ಯಾ ಈ ಮನ್ಯಾಗ ಇಲ್ಲ. ಹಿಂದನೂ ಇದ್ದಿಲ್ಲ." ಒದ್ದೆ ತಲೆಯಲ್ಲಿ ಹೊರಗೆ ಬಂದ ಸೊಸೆಯ ನೆತ್ತಿಯ ಮೇಲೆ ಕೈಯಿಟ್ಟು, "ನಿನ್ನ ಸಲುವಾಗಿ ಹೆತ್ತ ಮಗನ್ನ ಇಲ್ಲ ಅಂದೀನಿ ನೋಡವ್ವಾ," ಎಂದು ಅತ್ತೆ ಕಣ್ಣೊರೆಸಿಕೊಂಡಳು. ಏನು ಮಾಡಿಟ್ಟಿರಿ ಎಂದು ಆ ಕೈಯ ಕೆಳಗೆ ನಿಂತು ಹೇಗೆ ಕೇಳುವುದು? ಮಗ ಮನೆ ಬಿಟ್ಟದ್ದಕ್ಕಿಂತ ಅವನು ಕುರಿ ಸಾಕುವವರ ಮಗಳ ಮನೆಯಲ್ಲಿ ಉಣ್ಣುತ್ತಾನೆ ಎಂಬುದೇ ಅತ್ತೆಗೆ ಹೆಚ್ಚು ಚುಚ್ಚಿದ್ದು ಎಂದು ಸುನಂದಾಳಿಗೆ ಗೊತ್ತು. ಗೊತ್ತಿದ್ದೂ ಆ ಮಮತೆಯ ಅನ್ನ ತಿನ್ನುತ್ತಿದ್ದಳು. ಎರಡನೇ ಕರೆ ಅವನ ಮೊಬೈಲಿಗೆ ಹೋಯಿತು, ಗುರುತಿಲ್ಲದ ನಂಬರೆಂದು ಅವನು ಎತ್ತಲಿಲ್ಲ. ಕೊನೆಗೆ ಅವಳೇ ಮಾಡಿದಳು, ಒಂದೂವರೆ ವರ್ಷದ ನಂತರ. ನಿನ್ನೆ ಸಂತೆಗೆ ಹೋಗಿ ಮರೆತುಬಂದ ಸಾಮಾನಿನ ವಿಷಯ ಮಾತಾಡುವವನಂತೆ, "ಹಾಂ, ಹೇಳು," ಎಂದ. ಎಲ್ಲ ಕೇಳಿ, "ಅದಕ್ಕೇನಂತ, ಹೇಳ್ತೀನಿ. ಆದ್ರ ಇಂಥಾದ್ರಾಗ ನಾ ಏನರ ತಪ್ಪು ಹೇಳಿಬಿಟ್ಟೇನು. ನೀನೂ ಬಾ, ಎದುರಿಗೆ ಕುಂತು ಹೇಳಿಕೊಡು. ಮನೀಗೇ ಬಾ," ಎಂದ. ಬಯ್ದಿದ್ದರೆ, ಸಹಿಯ ಮಾತೆತ್ತಿದ್ದರೆ, ಅವಳಿಗೂ ಒಂದು ಮಾತು ಸಿಗುತ್ತಿತ್ತು. ಅವನು ಹಾಗೆ ಬಯ್ಯುವ ಪೈಕಿಯೇ ಅಲ್ಲ.

ನೀರಮಾನ್ವಿಯಲ್ಲಿ ಬಸ್ಸಿನವರೆಲ್ಲ ಎಲ್ಲಮ್ಮನ ಗುಡಿಯ ಕಡೆ ಕೈಮುಗಿದರು, ಅವಳ ಕೈಯೂ ಎದ್ದಿತು. ಅವನು ಹೋದ ದಿನವೂ ಅವನ ಕೈ ಹೀಗೇ ಎದ್ದಿತ್ತು, ಬಿಳಿ ಬಟ್ಟೆ ಹಿಡಿದು. ಜಾಲತಾಣಕ್ಕೆ ಹಾಕಲು ಮಾಳಿಗೆಯ ಮೇಲೆ ರೊಟ್ಟಿಯ ಫೋಟೊ ತೆಗೆಯುತ್ತಿದ್ದಳು, ಬಿಸಿಲಿಗೆ ಅಡ್ಡ ಅವನು ಧೋತರ ಹಿಡಿದು ನಿಂತಿದ್ದ. ಬಟ್ಟೆಯ ಆಚೆಯಿಂದ ಅವನು, "ನಾ ಇನ್ನ ಮಾನ್ವ್ಯಾಗ ಇರ್ತೀನಿ," ಎಂದ. ಅವಳು, "ಸ್ವಲ್ಪ ಎತ್ತಿ ಹಿಡೀರಿ, ನೆಳ್ಳು ಬೀಳಾಕತ್ತದ," ಎಂದಳು. ಅವನು ಎತ್ತಿ ಹಿಡಿದ. ಕೇಳಿಸಿರಲಿಲ್ಲವೆ? ಕೇಳಿಸಿತ್ತು. ಆದರೆ ಬೆಳಕು ಚೆನ್ನಾಗಿತ್ತು, ಇನ್ನು ಎರಡು ನಿಮಿಷಕ್ಕೆ ಹೋಗಿಬಿಡುತ್ತಿತ್ತು, ಮೊದಲು ಇದೊಂದು ಮುಗಿಯಲಿ ಅನ್ನಿಸಿತ್ತು. ಆರು ಫೋಟೊ ತೆಗೆದಳು. ಅಷ್ಟೂ ಹೊತ್ತು ಅವನು ಕೈ ಇಳಿಸಲಿಲ್ಲ, ಬಟ್ಟೆ ಮಡಿಸಿ ಅವಳ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದ. ಜನ ಅವನನ್ನು ಬಯ್ಯುವಾಗಲೆಲ್ಲ ಅವಳಿಗೆ ಆ ಎತ್ತಿದ ತೋಳು ಕಾಣುತ್ತದೆ, ತಾನು ಒಂದು ಮಾತು ಆಡಿದ್ದರೆ ಅದು ಇಳಿಯುತ್ತಿತ್ತೇನೋ ಎಂದು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಹೇಳಿದರೆ ಸಿಗುವ ಸಮಾಧಾನ ಅವಳಿಗೆ ಬೇಡ.

ಮಾನ್ವಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ನೀಲಿ ಯೂನಿಫಾರ್ಮಿನ ರಾಶಿ, ನಡುವೆ ಕೂತಿದ್ದ ಕುರಿ ಸಾಕುವವರ ಮಗಳು, ದೇವಿಕಾ, ಎದ್ದು ನಿಂತಳು. ಸುನಂದಾ ಎಷ್ಟೋ ರಾತ್ರಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಚೆಲುವೆ ಅವಳಲ್ಲ. ತನ್ನದೇ ವಯಸ್ಸು, ಮುಂದಲೆಯಲ್ಲಿ ನರೆ, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ. ಸೂಜಿ ತೆಗೆದು, "ಬರ್ರಿ ಅಕ್ಕಾರ, ಬಿಸಲಾಗ ಬಂದ್ರಿ," ಎಂದು ಚಾಪೆ ಹಾಸಿ, ಒಳಗಿನ ಕಡೆ ತಿರುಗಿ, "ಪಂಪಾಪತಿ, ಬಂದಾರ ನೋಡು," ಎಂದು ಕೂಗಿದಳು. ಸುನಂದಾಳ ಕೆನ್ನೆ ಯಾರೋ ಹೊಡೆದಂತೆ ಬಿಸಿಯಾಯಿತು. ಹಾಲಿನವನನ್ನು ಕೂಗಿದಷ್ಟು ಸಲೀಸಾಗಿ ಕೂಗಿದ್ದಳು, ಆದರೂ ಮನೆ ಕುಸಿಯದೆ ಎಲ್ಲಿತ್ತೋ ಅಲ್ಲೇ ಇತ್ತು. ತಾನು ಹದಿನಾಲ್ಕು ವರ್ಷ ಬಾಯಿ ಕಟ್ಟಿ ಕಾಪಾಡಿದ್ದನ್ನು ಇವಳು ದಿನಕ್ಕೆ ಹತ್ತು ಸಲ ಖರ್ಚು ಮಾಡುತ್ತಾಳೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು, ಹಾಗೆ ಕೂಗಿದ್ದಕ್ಕೆ ಅವನು ಹಾಂ ಎಂದು ಓಗೊಟ್ಟ ರೀತಿ. ಆ ಹಾಂ ಅನ್ನು ಅವಳು ಎಂದೂ ಕೇಳಿರಲಿಲ್ಲ.

ಅವನು ಹೊರಗೆ ಬಂದ, ಸ್ವಲ್ಪ ಹೊಟ್ಟೆ ಬಂದಿತ್ತು. ಅವ್ವನ ಕಣ್ಣು ಹೆಂಗದ ಎಂದು ಕೇಳಿದ. ಚಲೋ ಕಾಣ್ತಾವ, ಎಲ್ಲಾ ಓದ್ತಾರ ಎಂದಳು. ಮೂವರೂ ಅದಕ್ಕೆ ನಕ್ಕರು. ನಕ್ಕದ್ದಕ್ಕೆ ಸುನಂದಾಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಚೀಟಿಯಲ್ಲಿ ಬರೆದು ತಂದದ್ದನ್ನು ಓದಿ ಹೇಳಿದಳು: ಅಂಗಡಿಯ ಹೆಸರು, ವಿಳಾಸ, ಅರ್ಜಿ ಹಾಕಿದವಳು ಸುನಂದಾ, ಅವಳಿಗೆ ನನ್ನ ಒಪ್ಪಿಗೆ ಇದೆ. ಅವನು ಶಾಲೆಯ ಹುಡುಗನಂತೆ ಎರಡು ಸಲ ಹೇಳಿ ಒಪ್ಪಿಸಿದ. ಎರಡರಿಂದ ನಾಲ್ಕರ ನಡುವೆ ಕರೆ ಬರುತ್ತದೆ ಎಂದಿದ್ದರು. ಎರಡೂವರೆಯಾಯಿತು. ದೇವಿಕಾ ಯಂತ್ರ ತುಳಿಯಲೋ ಬೇಡವೋ ಎಂದು ಕಾಲು ಹಲಗೆಯ ಮೇಲಿಟ್ಟು ಕೂತಿದ್ದಳು. ಅವನಿಗೆ ಅಂಥ ಮೌನ ತಡೆಯುವುದಿಲ್ಲ. ಎದ್ದು, "ಬಂದವರಿಗೆ ಏನೂ ಕೊಡಲಿಲ್ಲಲ್ಲ, ಕ್ರಾಸಿನ್ಯಾಗ ಮಿರ್ಚಿ ಬಿಸಿ ತಗೀತಿರ್ತಾನ, ಹತ್ತು ಮಿನಿಟಿನ್ಯಾಗ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದ. ಬ್ಯಾಡ್ರಿ, ಫೋನ್ ಬರ್ತದ ಎಂದು ಸುನಂದಾ ಹೇಳುವಷ್ಟರಲ್ಲಿ ಬೀದಿಯಲ್ಲಿದ್ದ. ಬಾಯಿಬಿಟ್ಟು ಒಂದು ಮಾತು ಹೇಳಬೇಕಾದ ಹೊತ್ತಿಗೆ ಅವನಿಗೆ ಹೊರಗೆ ಯಾವುದೋ ಕೆಲಸ ಹುಟ್ಟಿಕೊಳ್ಳುವುದು ಹೊಸದಲ್ಲ. ಗೂಟದ ಪಕ್ಕ ಚಾರ್ಜಿಗೆ ಸಿಕ್ಕಿಸಿದ್ದ ಅವನ ಫೋನನ್ನು ಇಬ್ಬರೂ ಒಟ್ಟಿಗೇ ನೋಡಿದರು. ನೋಡುತ್ತಿರುವಂತೆಯೇ ಅದು ಹೊಡೆದುಕೊಂಡಿತು.

ದೇವಿಕಾ ಎತ್ತಿ, ಇಬ್ಬರಿಗೂ ಕೇಳುವಂತೆ ಗಟ್ಟಿದನಿ ಮಾಡಿದಳು. ಆ ಕಡೆ ಹುಡುಗಿಯೊಬ್ಬಳ ಪುಸ್ತಕದ ಕನ್ನಡ. ಈ ಕರೆ ದಾಖಲಾಗುತ್ತಿದೆ, ಪಂಪಾಪತಿ ಅವರೊಂದಿಗೆ ಮಾತಾಡಬಹುದೆ? ಹೊರಗೆ ಹೋಗ್ಯಾರ, ಈಗ ಬರ್ತಾರ ಎಂದಳು ದೇವಿಕಾ. ಇದು ನಮ್ಮ ಕೊನೆಯ ಪ್ರಯತ್ನ, ಈಗ ದೃಢಪಡದಿದ್ದರೆ ಅರ್ಜಿ ಮುಕ್ತಾಯವಾಗುತ್ತದೆ, ಮಾಲೀಕರ ಮನೆಯವರು ಯಾರಾದರೂ ಇದ್ದರೆ ದೃಢಪಡಿಸಬಹುದು ಎಂದಿತು ದನಿ. ಸುನಂದಾ ಮುಂದೆ ಬಾಗಿ, ನಾನು ಸುನಂದಾ, ಎಂದಳು. ಕ್ಷಮಿಸಿ, ಅರ್ಜಿದಾರರು ತಮ್ಮ ಪರವಾಗಿ ತಾವೇ ದೃಢಪಡಿಸುವಂತಿಲ್ಲ, ಮೊದಲು ಮಾತಾಡಿದವರು ಮಾಲೀಕರಿಗೆ ಏನಾಗಬೇಕು?

ದೇವಿಕಾ ಅಂಗೈಯಿಂದ ಫೋನಿನ ಬಾಯಿ ಮುಚ್ಚಿದಳು. "ಏನ್ ಹೇಳ್ಲಿ ಅಕ್ಕಾರ?"

ಸುನಂದಾ ಬಾಗಿಲ ಕಡೆ ನೋಡಿದಳು. ಬೀದಿ ಖಾಲಿ. "ತಂಗಿ ಅಂತ ಹೇಳ್ರಿ," ಎಂದಳು.

ದೇವಿಕಾ ತಲೆಯಲ್ಲಾಡಿಸಿದಳು. "ಅದೊಂದು ನನ್ನ ಬಾಯಿಲೆ ಬರಂಗಿಲ್ರಿ. ಬ್ಯಾರೆ ಏನರ ಹೇಳಂದ್ರ ಹೇಳ್ತೀನಿ." ಅವಳ ಕಣ್ಣಲ್ಲಿ ಹಟವಿರಲಿಲ್ಲ, ಗೆದ್ದ ಗತ್ತೂ ಇರಲಿಲ್ಲ. ನಿಜಕ್ಕೂ ಏನು ಹೇಳಲಿ ಎಂದೇ ಕೇಳುತ್ತಿದ್ದಳು, ಯೂನಿಫಾರ್ಮಿಗೆ ತೋಳು ಎಷ್ಟುದ್ದ ಇಡಲಿ ಎಂದು ಕೇಳುವಂತೆ. ಹಲೋ, ಇದ್ದೀರಾ, ಎಂದಿತು ದನಿ. ಪರಿಚಯದವಳು ಎಂದರೆ ನಡೆಯುವುದಿಲ್ಲ. ಕರೆ ಕತ್ತರಿಸಿದರೆ ನಾಳೆ ಶುಕ್ರವಾರ. ಹಸಿರು ಗುಂಡಿ ಹೋದರೆ ಕುರ್ಡಿಯ ಹಿಟ್ಟು ಹೋಯಿತು, ಅಂಗಡಿ ಹೋಯಿತು, ಉಳಿಯುವುದು ಅತ್ತೆಯ ಅಡುಗೆಮನೆ, ನೆತ್ತಿಯ ಮೇಲಿನ ಆ ಕೈ, ಚುರಮುರಿಯ ತಟ್ಟೆ. ಅದರೊಳಗೆ ಸಾಯುವ ತನಕ.

"ಹೆಂಡ್ತಿ ಅಂತ ಹೇಳ್ರಿ," ಎಂದಳು ಸುನಂದಾ.

ದೇವಿಕಾ ಒಂದು ಗಳಿಗೆ ಅವಳನ್ನೇ ನೋಡಿ ಕೈ ತೆಗೆದಳು. "ಅವರ ಹೆಂಡ್ತಿ ಮಾತಾಡಾಕತ್ತೀನ್ರಿ." ಆಮೇಲಿನದೆಲ್ಲ ಸರಾಗವಾಗಿ ಹೋಯಿತು. ಚೀಟಿ ನೋಡಿಕೊಂಡು ಅಂಗಡಿಯ ಹೆಸರು ಹೇಳಿದಳು, ವಿಳಾಸ ಹೇಳಿದಳು, ಹೌದ್ರಿ, ಸುನಂದಾ ಅನ್ನೋರಿಗೆ ನಮ್ಮ ಒಪ್ಪಿಗಿ ಅದ ಎಂದಳು. ನಮ್ಮ ಒಪ್ಪಿಗಿ. ಒಂದು ತಪ್ಪಿಲ್ಲ, ಅವನಿಗಿಂತ ಚೆನ್ನಾಗಿ ಒಪ್ಪಿಸಿದಳು. ಅರ್ಜಿದಾರರಿಗೆ ಕೊಡಿ ಎಂದಿತು ದನಿ. ಫೋನು ಸುನಂದಾಳ ಕೈಗೆ ಬಂತು, ಅವನು ಹಿಡಿದು ಹಿಡಿದು ಅದರ ಅಂಚು ನುಣುಪಾಗಿತ್ತು. ಈಗ ಮಾತಾಡಿದವರು ಮಾಲೀಕರ ಪತ್ನಿ ಎಂಬುದನ್ನು ನೀವು ಒಪ್ಪುತ್ತೀರಾ? ದಯವಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿ.

"ಹೌದು," ಎಂದಳು.

ಮಾಲೀಕರಿಗೂ ನಿಮಗೂ ಏನು ಸಂಬಂಧ?

ಇದನ್ನು ಅವಳು ಚೀಟಿಯಲ್ಲಿ ಬರೆದುಕೊಂಡಿರಲಿಲ್ಲ. ದೇವಿಕಾ ಕತ್ತು ತಗ್ಗಿಸಿ ನೀಲಿ ಬಟ್ಟೆಯ ದಾರ ಕೀಳುತ್ತಿದ್ದಳು. "ಅವರ ಹತ್ರ ಕೆಲಸಕ್ಕ ಇದ್ದೀನ್ರಿ," ಎಂದಳು ಸುನಂದಾ. ಧನ್ಯವಾದಗಳು, ಸಂಜೆಯೊಳಗೆ ಪ್ರಮಾಣಪತ್ರ ತಲುಪುತ್ತದೆ, ನಿಮ್ಮ ಸಂಪರ್ಕ ಸುರಕ್ಷಿತವಾಗುತ್ತದೆ ಎಂದು ಹೇಳಿ ಆ ಹುಡುಗಿ ಶುಭದಿನ ಕೋರಿದಳು.

ಅವನು ಎಣ್ಣೆ ಸೋರುವ ಪೊಟ್ಟಣ ಹಿಡಿದು ಬೆವರುತ್ತ ಬಂದ. "ಫೋನ್ ಬಂತೇನು?" ಬಂದಿತ್ತು, ಎಲ್ಲಾ ಆತು ಎಂದು ದೇವಿಕಾ ತಟ್ಟೆ ತರಲು ಒಳಗೆ ಹೋದಳು. ಅವನು ದೊಡ್ಡ ಭಾರ ಇಳಿದವನಂತೆ ಚಾಪೆಯ ಮೇಲೆ ಕೂತ. "ಏನೇನ್ ಕೇಳಿದ್ರು?"

"ನಾ ನಿಮಗ ಏನಾಗಬೇಕಂತ ಕೇಳಿದ್ರು."

"ಏನ್ ಹೇಳಿದಿ?"

"ನಿಮ್ಮ ಹತ್ರ ಕೆಲಸಕ್ಕ ಇದ್ದೀನಿ ಅಂದೆ."

ಅವನು ಪೊಟ್ಟಣದ ದಾರ ಬಿಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿದ. ಅವನು ಯೋಚಿಸುವುದನ್ನು ನೋಡುತ್ತ ಅವಳು ಕಾದಳು. ಒಂದು ಮಾತಿಗಾಗಿ, ಛೇ ಎಂಬ ಒಂದು ಸದ್ದಿಗಾಗಿ, ಇಡೀ ಮೈ ಕಿವಿಯಾಗಿ ಕಾದಳು.

"ಚಲೋ ಹೇಳಿದಿ ಬಿಡು," ಎಂದ ಅವನು. "ಕಾಗದದ ಮ್ಯಾಗ ಅದು ಖರೇನ ಅದ." ಆಮೇಲೆ ಬಂದವರಿಗೆ ಮೊದಲು ಎಂದು ಎರಡು ದೊಡ್ಡ ಮಿರ್ಚಿ ಆರಿಸಿ ಅವಳ ಮುಂದಿಟ್ಟ. ಅವಳು ತಿಂದಳು.